‘ಈಗ ನಿನಗೆಂತ ಕಡಿಮೆ ಉಂಟು?’

ಬಾಲ್ಯದಲ್ಲಿ ತನ್ನ ಮೇಲೆ ನಡೆದ ದೌರ್ಜನ್ಯವನ್ನು ಮೂವತ್ತೈದು, ನಲವತ್ತರ ವಯಸ್ಸಿನಲ್ಲಿ ಬಾಯಿಬಿಟ್ಟು ಹೇಳುವ ಹೆಣ್ಣಿಗೆ ‘ಸುಳ್ಳು ಹೇಳಬೇಡ’ ಎಂಬ ಉತ್ತರ ಸಿಗುವುದು ಈಗ ಕಡಿಮೆಯಾಗಿದೆ. ಅದಕ್ಕಿಂತ ಮೆದುವಾದ ಒಂದು ಮಾತು ಸಿಗುತ್ತದೆ: ‘ಆದದ್ದು ಆಯ್ತು ಮಗಾ, ಈಗ ನಿನಗೆಂತ ಕಡಿಮೆ ಉಂಟು?’ ಓದು, ಕೆಲಸ, ಸಂಬಳ, ಫ್ಲ್ಯಾಟು, ಗಂಡ, ಮಕ್ಕಳು ಎಂದು ಬೆರಳು ಮಡಚಿ ಎಣಿಸಿ ತೋರಿಸುತ್ತಾರೆ. ಅವಳು ಒಂದೊಂದಾಗಿ ಗಳಿಸಿದ್ದೆಲ್ಲ ಅವಳ ಮಾತಿನ ಎದುರು ಸಾಲಾಗಿ ಬಂದು ನಿಲ್ಲುತ್ತದೆ. ಹೀಗೆ ಹೇಳುವ ತಾಯಿಯೋ ಅಕ್ಕನೋ ಕೆಟ್ಟವರೇನಲ್ಲ. ಸಮಾಧಾನ ಹೇಳಿದೆವೆಂದೇ ಅವರು ನಂಬಿರುತ್ತಾರೆ. ನನ್ನ ತಕರಾರು ಆ ಸಮಾಧಾನದ ಮೇಲೆಯೇ.

ಘಾಟ್ಕೋಪರ್ ಪೂರ್ವದ ಪಂತನಗರದಲ್ಲಿ ಒಬ್ಬಳನ್ನು ಕಲ್ಪಿಸಿಕೊಳ್ಳಿ. ಇವಳು ಯಾರೋ ಒಬ್ಬಳ ಚಿತ್ರವಲ್ಲ, ಇಲ್ಲಿ ನಡೆಯಬಹುದಾದ ಬದುಕುಗಳನ್ನು ಕೂಡಿಸಿ ಮಾಡಿಕೊಂಡ ಪಾತ್ರ. ತಂದೆ ಕರಾವಳಿಯಿಂದ ಬಂದು ಹೊಟೇಲಿನಲ್ಲಿ ದುಡಿದವರು. ಇವಳು ಸಿಎ. ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ಕಂಪನಿಯಲ್ಲಿ ದೊಡ್ಡ ಹುದ್ದೆ. ಊರಿನ ಮನೆಯ ಮಾಡಿನ ರಿಪೇರಿ, ತಮ್ಮನ ಮಗನ ಫೀಸು, ಕುಟುಂಬದ ದೈವದ ಕೋಲಕ್ಕೆ ವಂತಿಗೆ, ಎಲ್ಲಕ್ಕೂ ಮೊದಲ ಫೋನು ಇವಳಿಗೇ. ಯಾರ ಆಸ್ಪತ್ರೆಯ ಬಿಲ್ಲು ದೊಡ್ಡದಾದರೂ ಅರ್ಧ ಇವಳ ಕಾರ್ಡಿನ ಮೇಲೆ. ಹೋದ ವರ್ಷ ಆಂಜಿಯೋಪ್ಲಾಸ್ಟಿ ಮಾಡಿಸಿಕೊಂಡ ಸೋದರಮಾವನ ಬಿಲ್ಲಿಗೂ ಇವಳೇ ಹಣ ಹಾಕಿದಳು. ಒಂಬತ್ತನೆಯ ವಯಸ್ಸಿನಲ್ಲಿ ಇವಳ ಮೈಮೇಲೆ ಕೈಹಾಕಿದ್ದು ಅದೇ ಮಾವ. ಹಣ ಇಲ್ಲವೆಂದರೆ ಯಾಕೆ ಎಂಬ ಪ್ರಶ್ನೆ ಬರುತ್ತದೆ. ಯಾಕೆ ಎಂದು ಹೇಳುವುದಕ್ಕಿಂತ ಹಣ ಕಳಿಸುವುದು ಸುಲಭ.

ಮುಂಬಯಿ ಕನ್ನಡಿಗರ ಸಭೆಗಳಲ್ಲಿ ಒಂದು ನೆನಪನ್ನು ಹೆಮ್ಮೆಯಿಂದ ಹೇಳುವುದುಂಟು: ‘ಒಂದೇ ಖೋಲಿಯಲ್ಲಿ ಹತ್ತು ಜನ ಸಾಲಾಗಿ ಮಲಗುತ್ತಿದ್ದೆವು, ಊರಿಂದ ಬಂದ ಯಾರನ್ನೂ ವಾಪಸು ಕಳಿಸಲಿಲ್ಲ.’ ಸುಳ್ಳಲ್ಲ. ಆ ಔದಾರ್ಯ ಇಲ್ಲದಿದ್ದರೆ ಎಷ್ಟೋ ಹುಡುಗರು ರಾತ್ರಿ ಶಾಲೆ ಓದುತ್ತಿರಲಿಲ್ಲ, ಎಷ್ಟೋ ಹೊಟೇಲುಗಳು ಏಳುತ್ತಿರಲಿಲ್ಲ. ಆದರೆ ಆ ಸಾಲಿನಲ್ಲಿ ಮನೆಯ ಹೆಣ್ಣುಮಗುವೂ ಮಲಗಿರುತ್ತಿತ್ತು. ಅವಳ ಕಡೆಯಿಂದ ಆ ಖೋಲಿಯ ಕಥೆಯನ್ನು ಯಾವ ಸನ್ಮಾನ ಗ್ರಂಥದಲ್ಲೂ ನಾನು ಓದಿಲ್ಲ. ಅಂಥ ಕಥೆಯಲ್ಲಿ ಕೆಲಸ ಹುಡುಕಿಕೊಂಡು ಬಂದು ಆರು ತಿಂಗಳು ಉಳಿದ ನೆಂಟ ಮುಂದೆ ಉದ್ಯಮಿಯಾಗುತ್ತಾನೆ, ದಾನಿಯಾಗುತ್ತಾನೆ, ವೇದಿಕೆಯ ಮೇಲೆ ಕೂರುತ್ತಾನೆ. ಆಗ ಲೆಕ್ಕ ವಿಚಿತ್ರವಾಗುತ್ತದೆ. ಅವನ ಯಶಸ್ಸು ಅವನ ಪರವಾಗಿ ಸಾಕ್ಷಿ ಹೇಳುತ್ತದೆ: ಇಷ್ಟು ದೊಡ್ಡ ಮನುಷ್ಯ ಅಂಥದ್ದು ಮಾಡಿಯಾನೆ? ಅವಳ ಯಶಸ್ಸು ಅವಳ ವಿರುದ್ಧವೇ ಸಾಕ್ಷಿ ಹೇಳುತ್ತದೆ: ಅಂಥದ್ದು ಆಗಿದ್ದರೆ ಇಷ್ಟು ಎತ್ತರಕ್ಕೆ ಬರುತ್ತಿದ್ದಳೆ?

ಹೆಸರಾಂತ ಹೆಣ್ಣಿಗೂ ಇದರಿಂದ ವಿನಾಯಿತಿ ಇಲ್ಲ. 1988ರ ‘ರಣಧೀರ’ದಲ್ಲಿ ಕನ್ನಡದ ಪ್ರೇಕ್ಷಕರು ಮೆಚ್ಚಿಕೊಂಡ ನಟಿ ಖುಷ್ಬೂ ಹುಟ್ಟಿ ಬೆಳೆದದ್ದು ಮುಂಬಯಿಯಲ್ಲಿ. 2023ರ ಮಾರ್ಚ್‌ನಲ್ಲಿ, ರಾಷ್ಟ್ರೀಯ ಮಹಿಳಾ ಆಯೋಗದ ಸದಸ್ಯೆಯಾದ ಹೊಸತರಲ್ಲಿ, ಅವರು ಸಾರ್ವಜನಿಕವಾಗಿ ಮಾತಾಡಿದರು: ಎಂಟನೆಯ ವಯಸ್ಸಿನಿಂದ ತಂದೆಯೇ ತನ್ನ ಮೇಲೆ ದೌರ್ಜನ್ಯ ಎಸಗಿದ್ದ, ಎದುರು ಮಾತಾಡುವ ಧೈರ್ಯ ಬಂದದ್ದು ಹದಿನೈದಕ್ಕೆ, ತಾಯಿ ನಂಬಲಿಕ್ಕಿಲ್ಲ ಎಂಬ ಭಯವಿತ್ತು ಎಂದರು. ಅಂದರೆ ಆ ಸಿನಿಮಾದಲ್ಲಿ ನಗುತ್ತಾ ಕುಣಿದ ಹುಡುಗಿ ಅದರಿಂದ ಬಿಡಿಸಿಕೊಂಡು ಮೂರು ವರ್ಷವೂ ಆಗಿರಲಿಲ್ಲ. ಅವರ ಮಾತು ಹೊರಬಿದ್ದಾಗ ಬೆಂಬಲದ ಜೊತೆಗೇ ‘ಇಷ್ಟು ವರ್ಷ ಎಲ್ಲಿದ್ದರು’ ಎಂಬ ಪ್ರಶ್ನೆಯೂ ಬಂತು. ಎಲ್ಲಿದ್ದರು? ತೆರೆಯ ಮೇಲಿದ್ದರು. ನಾವೇ ಟಿಕೆಟ್ ಕೊಂಡು ನೋಡಿದ್ದೆವಲ್ಲ.

ನಮ್ಮ ವಾರಪತ್ರಿಕೆಗಳಿಗೆ ‘ಬೆಂಕಿಯಲ್ಲಿ ಅರಳಿದ ಹೂವು’ ಎಂಬ ಶೀರ್ಷಿಕೆ ಎಷ್ಟು ಇಷ್ಟ ನೋಡಿ. ಕೆ. ಬಾಲಚಂದರ್ 1983ರಲ್ಲಿ ಸುಹಾಸಿನಿಯನ್ನು ಹಾಕಿಕೊಂಡು ಆ ಹೆಸರಿನ ಸಿನಿಮಾ ಮಾಡಿದ್ದು ಇಡೀ ಮನೆಯ ಭಾರ ಹೊತ್ತ, ತನ್ನದೆಂಬುದನ್ನೆಲ್ಲ ಬಿಟ್ಟುಕೊಟ್ಟ ದುಡಿಯುವ ಮಗಳ ಬಗ್ಗೆ. ಅಂದಿನಿಂದ ನೋವುಂಡು ಮೇಲೆ ಬಂದ ಪ್ರತಿ ಹೆಣ್ಣಿಗೂ ಅದೇ ಬಿರುದು. ಬೆಂಕಿ ಹಚ್ಚಿದವರು ಯಾರೆಂದು ಆ ಲೇಖನಗಳು ಕೇಳುವುದಿಲ್ಲ. ಬೆಂಕಿಯಿಂದಲೇ ಹೂವಿಗೆ ಬಣ್ಣ ಬಂತು ಎಂಬ ಧಾಟಿಯಲ್ಲಿ ಮುಗಿಯುತ್ತವೆ. ಕಷ್ಟ ಮನುಷ್ಯರನ್ನು ಗಟ್ಟಿ ಮಾಡುತ್ತದೆ ಎಂಬ ಈ ನಂಬಿಕೆ ಬಡತನದ ಮಟ್ಟಿಗೆ ನಿಜವೋ ಏನೋ. ಮಗುವಿನ ಮೈಮೇಲೆ ನಡೆದ ಅಪರಾಧಕ್ಕೆ ಅದನ್ನು ಅನ್ವಯಿಸಿದರೆ ಅಪರಾಧಿಯನ್ನು ಗುರುವಿನ ಪೀಠದಲ್ಲಿ ಕೂರಿಸಿದ ಹಾಗಾಗುತ್ತದೆ.

ಇದು ಮನೆ, ಪತ್ರಿಕೆಗಳಿಗೆ ಮುಗಿಯುವ ಮಾತೂ ಅಲ್ಲ. 2020ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟು ಅತ್ಯಾಚಾರ ಪ್ರಕರಣವೊಂದರಲ್ಲಿ ನಿರೀಕ್ಷಣಾ ಜಾಮೀನು ಕೊಡುವಾಗ, ದೂರುದಾರಳು ರಾತ್ರಿ ಹನ್ನೊಂದಕ್ಕೆ ತನ್ನ ಕಚೇರಿಗೆ ಹೋದದ್ದೇಕೆ ಎಂದು ಕೇಳಿತ್ತು. ಘಟನೆಯ ನಂತರ ಸುಸ್ತಾಗಿ ನಿದ್ದೆಹೋದೆ ಎಂಬ ಅವಳ ಮಾತು ಭಾರತೀಯ ಹೆಣ್ಣಿಗೆ ತಕ್ಕದ್ದಲ್ಲ ಎಂಬರ್ಥದ ಮಾತಾಡಿತ್ತು. ದೇಶದೆಲ್ಲೆಡೆ ಟೀಕೆ ಬಂದ ಮೇಲೆ ಕೆಲವೇ ದಿನಗಳಲ್ಲಿ ಆ ಸಾಲನ್ನು ಆದೇಶದಿಂದ ತೆಗೆಯಲಾಯಿತು. ಆ ದೂರುದಾರಳು ವಯಸ್ಕಳು, ಪ್ರಕರಣ ಬೇರೆ. ಆದರೂ ಅಳತೆಗೋಲು ಒಂದೇ: ನೊಂದವಳು ಹೇಗೆ ಕಾಣಬೇಕು ಎಂಬ ಚಿತ್ರ ನಮ್ಮ ತಲೆಯಲ್ಲಿ ಮೊದಲೇ ಸಿದ್ಧವಿದೆ. ಆ ಚಿತ್ರದ ಕೈಯಲ್ಲಿ ಲ್ಯಾಪ್‌ಟಾಪ್ ಇಲ್ಲ.

ಅಂಕಿಅಂಶಗಳು ಈ ಚಿತ್ರವನ್ನು ಎಂದೋ ಹರಿದು ಹಾಕಿವೆ. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ 2007ರ ಅಧ್ಯಯನ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿತು. ಶೇ 53.22ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಕಂಡಿದ್ದರು, ಅವರಲ್ಲಿ ಗಂಡುಮಕ್ಕಳೂ ಸರಿಸಮ ಇದ್ದರು. ಆ ಮಕ್ಕಳೆಲ್ಲ ಈಗ ದೊಡ್ಡವರು. ದೆಹಲಿಯ ರಾಹಿ ಸಂಸ್ಥೆ 1990ರ ದಶಕದ ಕೊನೆಯಲ್ಲಿ ಮುಂಬಯಿಯೂ ಸೇರಿದಂತೆ ಕೆಲವು ನಗರಗಳ ಇಂಗ್ಲಿಷ್ ಬಲ್ಲ ಮಧ್ಯಮ ಮತ್ತು ಮೇಲ್ವರ್ಗದ 600 ಹೆಂಗಸರನ್ನು ಕೇಳಿದಾಗ ಶೇ 76 ಮಂದಿ ಹೌದೆಂದರು. ಉತ್ತರಿಸಲು ಒಪ್ಪಿದವರ ಲೆಕ್ಕವಾದ್ದರಿಂದ ಆ ಪ್ರಮಾಣವನ್ನು ಎಲ್ಲರಿಗೂ ಹಿಗ್ಗಿಸಬಾರದು, ನಿಜ. ಆದರೆ ‘ಇದು ಸ್ಲಮ್ಮಿನಲ್ಲಿ, ಕುಡುಕರ ಮನೆಗಳಲ್ಲಿ ನಡೆಯುವಂಥದ್ದು’ ಎಂಬ ಮಾತಿಗೆ ಅಷ್ಟು ಸಾಕು. ಅದೇ ಕಾಲದ, 2000ದ ಪುಸ್ತಕ ‘ಬಿಟರ್ ಚಾಕೊಲೆಟ್’. ಅದರಲ್ಲಿ ಮುಂಬಯಿಯ ಪತ್ರಕರ್ತೆ ಪಿಂಕಿ ವಿರಾನಿ ಬೇರೆಯವರ ಕಥೆಗಳ ಜೊತೆ ತನ್ನದನ್ನೂ ಬರೆದರು.

ಇಲ್ಲಿ ವೈದ್ಯರ ಜಗತ್ತಿನದೊಂದು ಘಟನೆ ಹೇಳಲೇಬೇಕು. 1980ರ ದಶಕದಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ವಿನ್ಸೆಂಟ್ ಫೆಲಿಟ್ಟಿ ಎಂಬ ವೈದ್ಯ ಬೊಜ್ಜು ಕರಗಿಸುವ ಕ್ಲಿನಿಕ್ ನಡೆಸುತ್ತಿದ್ದರು. ಚಿಕಿತ್ಸೆ ಬಿಟ್ಟು ಓಡಿದವರಲ್ಲಿ ಹೆಚ್ಚಿನವರು ಚೆನ್ನಾಗಿ ತೂಕ ಇಳಿಸಿಕೊಳ್ಳುತ್ತಿದ್ದವರೇ ಆಗಿದ್ದರು. ಯಾಕೆಂದು ಕೂರಿಸಿ ಕೇಳಿದಾಗ ಒಬ್ಬರಾದ ಮೇಲೊಬ್ಬರು ಬಾಲ್ಯದ ಲೈಂಗಿಕ ದೌರ್ಜನ್ಯದ ಮಾತೆತ್ತಿದರು. ವೈದ್ಯರ ಕಣ್ಣಿಗೆ ಬೊಜ್ಜು ಸಮಸ್ಯೆ. ಆ ಹೆಂಗಸರಿಗೆ ಅದು ಗಂಡಸರ ಕಣ್ಣಿನಿಂದ ತಪ್ಪಿಸಿಕೊಳ್ಳುವ ದಾರಿ. ಅಲ್ಲಿಂದ ಬೆಳೆದು 1998ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಪಾಲ್ಗೊಂಡವರು ವಿಮೆ ಇದ್ದ, ಬಹುಪಾಲು ಕಾಲೇಜು ಮೆಟ್ಟಿಲು ಹತ್ತಿದ ಮಧ್ಯಮವರ್ಗದವರು. ಬಾಲ್ಯದ ಗಾಯಗಳು ಹೆಚ್ಚಿದಷ್ಟೂ ನಡುವಯಸ್ಸಿನ ಹೃದ್ರೋಗ, ಖಿನ್ನತೆ, ಆತ್ಮಹತ್ಯೆಯ ಯತ್ನ ಹೆಚ್ಚುವುದು ಅಂಥವರಲ್ಲೇ ಕಂಡಿತು.

ನಮ್ಮ ಪಂತನಗರದವಳಿಗೆ ತೂಕದ ಬದಲು ಕೆಲಸ. ಹತ್ತನೆಯ ತರಗತಿಯಲ್ಲಿ ರಾತ್ರಿಯೆಲ್ಲ ಓದಿದ್ದು ರ‍್ಯಾಂಕಿಗಾಗಿ ಎಂದು ಮನೆಯವರು ತಿಳಿದರು. ದೀಪ ಹಾಕಿಕೊಂಡು ಓದುತ್ತಿದ್ದರೆ ಯಾರೂ ಹತ್ತಿರ ಬರುವುದಿಲ್ಲ ಎಂಬ ಲೆಕ್ಕ ಅವಳದು. ಈಗಲೂ ಆಫೀಸಿನಲ್ಲಿ ಅವಳ ಫೈಲಿನಲ್ಲಿ ತಪ್ಪು ಸಿಕ್ಕುವುದಿಲ್ಲ. ತಪ್ಪು ಸಿಕ್ಕಿದ ದಿನ ತನ್ನನ್ನು ಯಾರೂ ಕಾಯುವುದಿಲ್ಲ ಎಂದು ಅವಳ ಒಳಗಿನ ಒಂಬತ್ತರ ಹುಡುಗಿ ಇನ್ನೂ ನಂಬಿದ್ದಾಳೆ. ಲಿಫ್ಟಿನಲ್ಲಿ ಹಿಂದೆ ಯಾರಾದರೂ ನಿಂತರೆ ಬೆನ್ನು ಗೋಡೆಗೆ ತಿರುಗುತ್ತದೆ. ಗಂಡ ನಿದ್ದೆಯಲ್ಲಿ ಕೈಹಾಕಿದರೆ ಬೆಳಗಿನವರೆಗೆ ಎಚ್ಚರ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ ಹನ್ನೊಂದನೆಯ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದೆ. ದೀರ್ಘಕಾಲದ ದೌರ್ಜನ್ಯ ಉಳಿಸಿಹೋಗುವ ಗಾಯಕ್ಕೆ ಅದು ಕಾಂಪ್ಲೆಕ್ಸ್ ಪಿಟಿಎಸ್‌ಡಿ ಎಂದು ಪ್ರತ್ಯೇಕ ಹೆಸರು ಕೊಟ್ಟಿತು. ಅದರ ವಿವರಣೆಯಲ್ಲಿ ಒಂದು ಅಂಶವಿದೆ, ಅದನ್ನು ಪ್ರತಿ ಕ್ಲಿನಿಕ್ಕಿನ ಗೋಡೆಗೆ ಅಂಟಿಸಬೇಕು: ದಿನದ ಕೆಲಸಕಾರ್ಯ ಸರಿಯಾಗಿ ನಡೆಯುತ್ತಿದ್ದರೂ, ಅದು ನಡೆಯುತ್ತಿರುವುದು ವಿಪರೀತ ಹೆಚ್ಚಿನ ಶ್ರಮದಿಂದ ಮಾತ್ರ ಎಂದಾದರೆ ಅದೂ ಲಕ್ಷಣವೇ. ನಮ್ಮಲ್ಲಿ ಕೌನ್ಸೆಲಿಂಗಿಗೆ ಬಂದವಳನ್ನು ‘ಕೆಲಸಕ್ಕೆ ಹೋಗ್ತಿದ್ದೀರಾ? ಊಟ ಮಾಡ್ತಿದ್ದೀರಾ?’ ಎಂದು ಕೇಳಿ, ಎರಡಕ್ಕೂ ಹೌದೆಂದರೆ ಪ್ರಾಣಾಯಾಮ ಹೇಳಿಕೊಟ್ಟು ಕಳಿಸುವುದುಂಟು. ಶ್ರಮ ಎಷ್ಟೆಂದು ಯಾರೂ ಕೇಳುವುದಿಲ್ಲ.

ಇಷ್ಟು ಹೇಳಿದ ಮೇಲೆ, ಈಗ ಫ್ಯಾಷನ್ನಾಗಿರುವ ಇನ್ನೊಂದು ಅಭಿಪ್ರಾಯಕ್ಕೂ ನನ್ನ ಸಹಿ ಇಲ್ಲ. ರೀಲ್ಸ್ ನೋಡಿದರೆ ಸಾಕು: ನಿಮ್ಮ ಸಾಧನೆ ಸಾಧನೆಯಲ್ಲ, ಬರೀ ಟ್ರಾಮಾ, ನಿಮ್ಮ ಶಿಸ್ತು ಭಯ, ನಿಮ್ಮ ಉದಾರತೆ ಓಲೈಕೆ, ಎಲ್ಲ ಬಿಟ್ಟು ‘ನಿಜವಾದ ನೀವು’ ಆಗಿ. ಮನೆಯವರು ಅವಳ ಗಾಯವನ್ನು ಕಿತ್ತುಕೊಂಡರೆ ಇವರು ಅವಳ ಕೆಲಸವನ್ನೇ ಕಿತ್ತುಕೊಳ್ಳುತ್ತಾರೆ. ದೀಪದ ಕೆಳಗೆ ಭಯದಿಂದ ಕಲಿತ ಲೆಕ್ಕಶಾಸ್ತ್ರವೂ ಲೆಕ್ಕಶಾಸ್ತ್ರವೇ. ಅವಳು ಅದರಲ್ಲಿ ಜಾಣೆ, ಅದರಲ್ಲಿ ಅವಳಿಗೆ ಸುಖವೂ ಇದೆ. ಫೆಲಿಟ್ಟಿಯ ಕ್ಲಿನಿಕ್ಕಿನ ಪಾಠವೂ ಇದೇ ತಾನೆ? ಒಬ್ಬಳು ಯಾವುದನ್ನು ಆಸರೆಯಾಗಿ ಹಿಡಿದಿದ್ದಾಳೋ ಅದನ್ನು ಮೊದಲು ಕಸಿದರೆ ಅವಳು ಓಡಿಹೋಗುತ್ತಾಳೆ. ರಜೆ ಹಾಕದೆ ದುಡಿಯುವ ಅವಳು ಒಂದು ದಿನ ರಜೆ ಹಾಕಿಯೂ ನಡುಗದೆ ಇರುವಂತಾದರೆ ಅದು ಚಿಕಿತ್ಸೆ. ಕೆಲಸ ಬಿಡಿಸುವುದು ಚಿಕಿತ್ಸೆಯಲ್ಲ.

ಇಂಥವಳು ಚಿಕಿತ್ಸೆಯ ಕೋಣೆಯಲ್ಲೂ ‘ಒಳ್ಳೆಯ ಪೇಷಂಟ್’ ಆಗುವ ಅಪಾಯವಿದೆ. ಐದು ನಿಮಿಷ ಮೊದಲೇ ಬರುತ್ತಾಳೆ. ಪುಸ್ತಕ ಓದಿಕೊಂಡು ಬರುತ್ತಾಳೆ. ತನ್ನ ಬಾಲ್ಯವನ್ನು ಬೋರ್ಡ್ ಮೀಟಿಂಗಿಗೆ ವರದಿ ಒಪ್ಪಿಸುವಂತೆ ಸ್ವಚ್ಛ ಇಂಗ್ಲಿಷಿನಲ್ಲಿ, ಕಣ್ಣು ಒದ್ದೆಯಾಗದೆ ಹೇಳಿ ಮುಗಿಸಿ, ಎದುರು ಕೂತವರ ಮುಖ ಬಾಡಿದರೆ ಅವರಿಗೇ ನೀರು ಕೊಡುತ್ತಾಳೆ. ಚಿಕ್ಕಂದಿನಿಂದ ದೊಡ್ಡವರ ಮುಖಭಾವ ಓದಿಯೇ ಬದುಕಿದವಳಿಗೆ ಥೆರಪಿಸ್ಟಿಗೆ ಏನು ಬೇಕೆಂದು ಎರಡನೆಯ ಭೇಟಿಯಲ್ಲಿ ಗೊತ್ತಾಗಿರುತ್ತದೆ. ಹತ್ತು ವಾರದಲ್ಲಿ ‘ತುಂಬ ಸುಧಾರಿಸಿದ್ದೀರಿ’ ಎಂಬ ಸರ್ಟಿಫಿಕೇಟು ಹಿಡಿದು ಹೊರಬರುತ್ತಾಳೆ. ಇನ್ನೊಂದು ರ‍್ಯಾಂಕು. ನುರಿತವರು ಇಲ್ಲೇ ತಡೆಯುತ್ತಾರೆ: ಇವತ್ತು ನನ್ನನ್ನು ಸಂತೋಷಪಡಿಸಲು ನೀವೇನು ಮಾಡಿದಿರಿ ಎಂದು ನೇರ ಕೇಳುತ್ತಾರೆ, ಅವಳು ಸಿಟ್ಟಾಗಲು ಜಾಗ ಬಿಡುತ್ತಾರೆ.

ಎಲ್ಲವನ್ನೂ ಹೇಳಿ ಹಗುರಾಗಬೇಕು ಎಂಬ ಜನಪ್ರಿಯ ತಿಳಿವಳಿಕೆಗೂ ಮಿತಿಯಿದೆ. ಮನೋವೈದ್ಯೆ ಜುಡಿತ್ ಹರ್ಮನ್ 1992ರ ‘ಟ್ರಾಮಾ ಅಂಡ್ ರಿಕವರಿ’ಯಲ್ಲಿ ಹಾಕಿಕೊಟ್ಟ ಕ್ರಮದಲ್ಲಿ ಮೊದಲು ಸುರಕ್ಷತೆ, ಆಮೇಲೆ ನೆನಪು ಮತ್ತು ದುಃಖ, ಕೊನೆಗೆ ಮತ್ತೆ ಜನರೊಡನೆ ಬೆರೆಯುವುದು. ಮೊದಲ ಹಂತವನ್ನೇ ವರ್ಷಗಟ್ಟಲೆ ಎಳೆಯುವುದು ಬೇಕಿಲ್ಲ, ನೆನಪಿನ ಕೆಲಸಕ್ಕೆ ನೇರ ಇಳಿಯಬಹುದು ಎಂದು ನೆದರ್‌ಲ್ಯಾಂಡ್ಸ್‌ನ ಆಡ್ ಡಿ ಯೋಂಗ್ ಮತ್ತು ಸಂಗಡಿಗರು 2016ರಲ್ಲಿ ವಾದಿಸಿದರು. ಜಗಳ ಇನ್ನೂ ಮುಗಿದಿಲ್ಲ. ಎರಡೂ ಕಡೆಯವರು ಒಪ್ಪುವುದು ಇಷ್ಟು: ಇಲ್ಲದ ನೆನಪನ್ನು ಕೆದಕಿ ಹುಟ್ಟಿಸಬಾರದು. ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ 1990ರ ದಶಕದಲ್ಲಿ ತೋರಿಸಿದಂತೆ, ಸೂಚಿಸಿ ಸೂಚಿಸಿ ನಡೆಯದ ಘಟನೆಯನ್ನೂ ಕೆಲವರ ನೆನಪಿನಲ್ಲಿ ಕೂರಿಸಬಹುದು. ‘ಹಳೆಯದನ್ನು ಕೆದಕಬೇಡಿ’ ಎನ್ನುವವರ ಮಾತಿನಲ್ಲಿ ಅಷ್ಟರಮಟ್ಟಿಗೆ ಹುರುಳಿದೆ. ಆದರೆ ಹೆಚ್ಚಿನ ಹೆಂಗಸರು ಮರೆತಿರುವುದೇ ಇಲ್ಲ. ಅವರಿಗೆ ಕೆದಕುವವರು ಬೇಕಾಗಿಲ್ಲ, ಕೂತು ಕೇಳಿಸಿಕೊಳ್ಳುವವರು ಬೇಕು.

ಕ್ಷಮಿಸಿಬಿಡಿ ಎನ್ನುವ ಆಧ್ಯಾತ್ಮಿಕರು ಒಂದು ಕಡೆ, ಸಂಬಂಧ ಕಡಿದುಕೊಳ್ಳಿ ಎನ್ನುವ ಹೊಸ ಕಾಲದ ಸಲಹೆಗಾರರು ಇನ್ನೊಂದು ಕಡೆ. ಇಬ್ಬರೂ ಅವಳ ಮನೆಯನ್ನು ನೋಡಿಲ್ಲ. ಮೇ ತಿಂಗಳಲ್ಲಿ ಊರಿನಲ್ಲಿ ಮದುವೆ. ಮಾವ ಬರುತ್ತಾನೆ. ಕಾಲು ಮುಟ್ಟು ಎಂದು ಅತ್ತೆ ಎಲ್ಲರೆದುರು ಹೇಳುತ್ತಾರೆ. ಸಂಬಂಧ ಕಡಿಯುವುದೆಂದರೆ ತಾಯಿ, ತಮ್ಮ, ಕೋಲ, ಊರು ಎಲ್ಲವನ್ನೂ ಕಡಿಯುವುದು. ತಪ್ಪು ಮಾಡಿದವನು ಊರಲ್ಲೇ ಉಳಿದು ಇವಳಿಗೆ ಗಡೀಪಾರು. ಹಾಗಾಗಿ ಇಲ್ಲಿಯ ಚಿಕಿತ್ಸೆ ಸಣ್ಣ ಸಣ್ಣ ವಿಷಯಗಳ ಮೇಲೆ ಕೆಲಸ ಮಾಡಬೇಕಾಗುತ್ತದೆ. ಮದುವೆಗೆ ಹೋಗುವುದಾದರೆ ಎಲ್ಲಿ ಉಳಿಯುವುದು, ಕಾಲು ಮುಟ್ಟು ಎಂದಾಗ ಬಾಯಲ್ಲಿ ಯಾವ ಮಾತು ಬರಬೇಕು, ಮುಂದಿನ ಬಿಲ್ಲಿಗೆ ‘ಆಗುವುದಿಲ್ಲ’ ಎಂದು ಕಾರಣ ಕೊಡದೆ ಹೇಳುವುದು ಹೇಗೆ. ಎಲ್ಲಕ್ಕಿಂತ ಮುಖ್ಯ, ಆ ಮನೆಯ ಪುಟ್ಟ ಹುಡುಗಿಯರು ಈಗ ಯಾರ ಪಕ್ಕದಲ್ಲಿ ಮಲಗುತ್ತಿದ್ದಾರೆ.

ಈ ಕೊನೆಯ ಪ್ರಶ್ನೆ ಕಾನೂನನ್ನು ಕೋಣೆಯೊಳಗೆ ತರುತ್ತದೆ. ಪೋಕ್ಸೋ ಕಾಯ್ದೆ ಜಾರಿಗೆ ಬಂದದ್ದು 2012ರ ನವೆಂಬರ್ 14ರಂದು. ಅದಕ್ಕೆ ಮೊದಲು ನಡೆದದ್ದಕ್ಕೆ ಅದು ಅನ್ವಯಿಸದು. 1990ರ ದಶಕದ ಹುಡುಗಿಗೆ ಹಳೆಯ ದಂಡಸಂಹಿತೆಯೊಂದೇ ಗತಿ. ಅದರಲ್ಲಿ ಅತ್ಯಾಚಾರದ ವ್ಯಾಖ್ಯೆ ಕಿರಿದು, ಉಳಿದದ್ದು ಹೆಚ್ಚಾಗಿ ಮಾನಭಂಗ, ಮಾನಭಂಗಕ್ಕೆ ಮೂರು ವರ್ಷದ ಕಾಲಮಿತಿ. ಅಂದರೆ ಪಂತನಗರದವಳಿಗೆ ಕೋರ್ಟಿನ ಬಾಗಿಲು ಹೆಚ್ಚುಕಡಿಮೆ ಮುಚ್ಚಿದೆ. ಆದರೆ ಇವತ್ತು ಒಂದು ಮಗುವಿಗೆ ಅಪಾಯವಿದೆ ಎಂದು ಅವಳ ಬಾಯಿಂದ ಗೊತ್ತಾದರೆ ಪೋಕ್ಸೋ ಕಾಯ್ದೆಯ 19ನೆಯ ಸೆಕ್ಷನ್ ಪ್ರಕಾರ ಥೆರಪಿಸ್ಟ್ ವರದಿ ಮಾಡಲೇಬೇಕು. ಈ ಷರತ್ತನ್ನು ಮೊದಲ ಭೇಟಿಯಲ್ಲೇ ಹೇಳಿಬಿಡಬೇಕು. ಹೇಳದೆ ಗುಟ್ಟು ತೆಗೆಸಿಕೊಂಡು ಆಮೇಲೆ ಪೊಲೀಸರ ಮಾತೆತ್ತಿದರೆ ಅವಳ ಪಾಲಿಗೆ ಅದು ಎರಡನೆಯ ವಿಶ್ವಾಸಘಾತ.

‘ಹಣವಿದೆಯಲ್ಲ, ಚಿಕಿತ್ಸೆ ಕೊಂಡುಕೊಳ್ಳಲಿ, ಕನಿಕರ ಬಡವರಿಗಿರಲಿ’ ಎನ್ನುವವರಿದ್ದಾರೆ. ಬಡ ಹೆಣ್ಣಿನ ಪಾಡು ಹೆಚ್ಚು ಕಠಿಣ, ಅದರಲ್ಲಿ ಎರಡು ಮಾತಿಲ್ಲ. ಆದರೆ ಘಾಟ್ಕೋಪರಿನ ವಿಚಿತ್ರ ಕೇಳಿ. ಇಲ್ಲಿಯ ರಾಜಾವಾಡಿ ಮುನಿಸಿಪಲ್ ಆಸ್ಪತ್ರೆಯಲ್ಲಿ ದೌರ್ಜನ್ಯಕ್ಕೊಳಗಾದ ಹೆಂಗಸರಿಗಾಗಿ ದಿಲಾಸಾ ಕೇಂದ್ರವಿದೆ. ಮಹಾನಗರಪಾಲಿಕೆ ಮತ್ತು ಸೇಹತ್ ಸಂಸ್ಥೆ ಸೇರಿ ಸುಮಾರು 2000ದಲ್ಲಿ ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ ಶುರುಮಾಡಿದ ಮಾದರಿ ಅದು. ಕಾಸಿಲ್ಲದೆ ಕೇಳಿಸಿಕೊಳ್ಳುತ್ತಾರೆ, ನಂಬುತ್ತಾರೆ. ನಮ್ಮವಳು ಆ ಆಸ್ಪತ್ರೆಯ ಗೇಟಿನ ಮುಂದೆ ದಿನಾ ರಿಕ್ಷಾದಲ್ಲಿ ಹಾದುಹೋಗುತ್ತಾಳೆ, ಒಳಗೆ ಕಾಲಿಡುವುದಿಲ್ಲ. ಅದು ‘ಅಂಥವರಿಗೆ’ ಎಂದು ಅವಳೂ ನಂಬಿದ್ದಾಳೆ. ಖಾಸಗಿಗೆ ಹೋದರೆ ಒಂದು ಸಲಕ್ಕೆ ಸಾಮಾನ್ಯವಾಗಿ ಒಂದೂವರೆಯಿಂದ ಮೂರು ಸಾವಿರ ರೂಪಾಯಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮನಸ್ಸಿನ ಕಾಯಿಲೆಗೂ ದೇಹದ ಕಾಯಿಲೆಯಂತೆಯೇ ವಿಮೆ ಕೊಡಿ ಎಂದಿದೆ. ಪಾಲಿಸಿಗಳು ಹೆಚ್ಚಾಗಿ ಅಡ್ಮಿಟ್ ಆದವರಿಗೇ ಹಣ ಕೊಡುತ್ತವೆ, ಇವಳು ಅಡ್ಮಿಟ್ ಆಗುವವಳಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್‌ಗೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಬೇಕು. ಕೌನ್ಸೆಲರ್ ಎಂಬ ಬೋರ್ಡಿಗೆ ಅಂಥ ಬಿಗಿ ಇನ್ನೂ ಬಂದಿಲ್ಲವಾದ್ದರಿಂದ ಹಣ ಕೊಟ್ಟರೂ ಒಳ್ಳೆಯವರೇ ಸಿಗುತ್ತಾರೆಂಬ ಖಾತ್ರಿಯಿಲ್ಲ.

ಜಾಗದ ಸಮಸ್ಯೆ ಬೇರೆ. ವಿಡಿಯೋ ಕಾಲಿನಲ್ಲಿ ಮಾತಾಡಬಹುದು, ಸರಿ. ಆದರೆ ಎರಡು ಕೋಣೆಯ ಮನೆಯಲ್ಲಿ ಗಂಡ, ಅವನ ತಾಯಿ, ಟ್ಯೂಷನ್ನಿನ ಮಗ. ಹೀಗಾಗಿ ಗುರುವಾರ ಸಂಜೆ ಸೊಸೈಟಿಯ ಪಾರ್ಕಿಂಗಿನಲ್ಲಿ ನಿಲ್ಲಿಸಿದ ಕಾರಿನಲ್ಲಿ, ಗಾಜು ಏರಿಸಿಕೊಂಡು ಸೆಷನ್. ನೆಲಮಾಳಿಗೆಯಲ್ಲಿ ಸಿಗ್ನಲ್ ಹಿಡಿಯುವುದು ವಾಚ್‌ಮನ್ ಕ್ಯಾಬಿನ್ನಿನ ಪಕ್ಕದ ಒಂದೇ ಮೂಲೆ. ಅಲ್ಲಿ ಅಳುವ ಹಾಗಿಲ್ಲ. ಸ್ವಂತ ಫ್ಲ್ಯಾಟು ಕೊಂಡವಳಿಗೆ ಬಾಗಿಲು ಹಾಕಿಕೊಳ್ಳಲು ಒಂದು ಕೋಣೆ ಇಲ್ಲ.

ಭಾಷೆಯದೂ ಹಾಗೆಯೇ. ಇಂಗ್ಲಿಷಿನಲ್ಲಿ ಅವಳು ಏನನ್ನಾದರೂ ಹೇಳಬಲ್ಲಳು, ಕಲಿತ ಭಾಷೆ ನೋವನ್ನು ಕೈಯಳತೆಯ ದೂರದಲ್ಲಿಡುತ್ತದೆ. ಆದರೆ ಆ ರಾತ್ರಿ ಕಿವಿಯಲ್ಲಿ ಬಿದ್ದ ‘ಸುಮ್ಮನೆ ಮಲಗು’ ಇಂಗ್ಲಿಷಿನಲ್ಲಿರಲಿಲ್ಲ. ಮನೆಮಾತು ಬಲ್ಲವರು ಬೇಕೆಂದು ಮಂಗಳೂರಿನ ಕಡೆ ಹುಡುಕಿದರೆ ಇನ್ನೊಂದು ಭಯ: ಸರ್‌ನೇಮ್ ಕೇಳಿದ ಕೂಡಲೇ ‘ನಿಮ್ಮದು ಯಾವ ಮನೆ?’ ಎಂದುಬಿಟ್ಟರೆ? 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ ಟೆಲಿ-ಮಾನಸ್, 14416, ಕನ್ನಡದಲ್ಲೂ ಮಾತಾಡುತ್ತದೆ. ದೇವನಾರದ ಟಾಟಾ ಸಮಾಜವಿಜ್ಞಾನ ಸಂಸ್ಥೆಯಲ್ಲಿ 2012ರಲ್ಲಿ ಹುಟ್ಟಿದ ಸಹಾಯವಾಣಿ ಐಕಾಲ್, ಮಕ್ಕಳ ಲೈಂಗಿಕ ದೌರ್ಜನ್ಯದ ವಿರುದ್ಧವೇ 2006ರಿಂದ ಕೆಲಸ ಮಾಡುತ್ತಿರುವ ಅರ್ಪಣ್ ಎರಡೂ ಈ ಊರಿನವೇ. ಮೊದಲ ಮಾತಿಗೆ ಇವು ಸಾಕು. ವರ್ಷಗಟ್ಟಲೆ ನಡೆಯಬೇಕಾದ ಮಾತಿಗೆ ಸಹಾಯವಾಣಿ ಸಾಲದು.

ನಮ್ಮ ಸಂಘಗಳ ಮಹಿಳಾ ವಿಭಾಗಗಳು ಜನವರಿಯಲ್ಲಿ ಅರಸಿನ ಕುಂಕುಮ ಮಾಡುತ್ತವೆ, ಬಿಪಿ-ಶುಗರ್ ತಪಾಸಣೆಯ ಶಿಬಿರ ಇಡುತ್ತವೆ, ವರ್ಷಕ್ಕೊಮ್ಮೆ ಸಾಧಕಿಯರಿಗೆ ಶಾಲು ಹೊದಿಸುತ್ತವೆ. ಶಾಲಿನ ಖರ್ಚಿನಲ್ಲಿ ಕನ್ನಡ, ತುಳು ಬಲ್ಲ ಇಬ್ಬರು ನುರಿತ ಮನಶ್ಶಾಸ್ತ್ರಜ್ಞೆಯರನ್ನು ವಾರಕ್ಕೊಂದು ದಿನ ಕೂರಿಸುವುದು ಕಷ್ಟವೇನಲ್ಲ. ಕಷ್ಟ ಇರುವುದು ಬೇರೆ ಕಡೆ. ಆ ಕೋಣೆಯ ಬಾಡಿಗೆಗೆ ಚಂದಾ ಕೇಳಲು ಹೋದರೆ ಪಟ್ಟಿಯಲ್ಲಿ ಮೊದಲು ಬರುವ ದಾನಿಯ ಹೆಸರು ಅದೇ ಖೋಲಿಯ ನೆಂಟನದಾಗಿರಬಹುದು. ಆಗ ಸಂಘ ಏನು ಮಾಡುತ್ತದೆ ಎಂಬುದನ್ನು ಪದಾಧಿಕಾರಿಗಳು ಈಗಲೇ ಕೂತು ತೀರ್ಮಾನಿಸಿಕೊಳ್ಳಲಿ.